ಆರು ಮತ್ತು ಎಂಬತ್ತು

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೀ ಪಟ್ಟಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮೊದಲು ಮೂರು ಪ್ರಶ್ನೆ ಕೇಳುತ್ತಾರೆ. ವಯಸ್ಸೆಷ್ಟು, ಎತ್ತರ ಎಷ್ಟು, ತೂಕ ಎಷ್ಟು. ಮೊದಲೆರಡಕ್ಕೆ ನಾನು ನಿಜವನ್ನೇ ಹೇಳಿದೆ. ಮೂರನೆಯದಕ್ಕೆ ಬಾಯಿ ತೆರೆಯುವ ಮುಂಚೆ ಸುಮ್ನೆ ಒಮ್ಮೆ ಹಿಂದೆ ತಿರುಗಿ ನೋಡಿದೆ. ಹೆಂಡತಿ ನಿಂತಿದ್ದಳು. ಅವಳ ಹಿಂದೆ ಅಪ್ಪ, ಅಮ್ಮ, ಮಗಳು. ಅವರ ಹಿಂದೆ ಹಾಲೆಂಡಿನ ಆರೇಳು ಜನ, ಒಬ್ಬೊಬ್ಬರೂ ಅಡಿಕೆ ಮರದ ಹಾಗೆ ಸಪೂರ, ಉದ್ದ. ಅಷ್ಟು ಜನರ ಎದುರು 86 ಅನ್ನೋಕೆ ನಾಲಿಗೆ ಏಳಲಿಲ್ಲ. 68 ಅಂದೆ.

ಅಂಗಡಿಯ ಹುಡುಗ ನನ್ನ ಹೊಟ್ಟೆಯನ್ನು ಒಂದು ಸಲ, ಮುಖವನ್ನು ಒಂದು ಸಲ ನೋಡಿದ. ಆಮೇಲೆ 68 ಅಂತ ಬರೆದುಕೊಂಡ. ಪಾಪ, ಅವನದೇನೂ ತಪ್ಪಿಲ್ಲ.

ನಾವಿರೋದು ಮ್ಯೂನಿಕ್‌ನಲ್ಲಿ. ಫೆಬ್ರವರಿಯಲ್ಲಿ ಇಲ್ಲಿ ಶಾಲೆಗಳಿಗೆ ಫಾಶಿಂಗ್ ಹಬ್ಬದ ಒಂದು ವಾರ ರಜೆ. ಆ ವಾರ ಊರಿಗೆ ಊರೇ ಸ್ಕೀ ಕಟ್ಟಿಕೊಂಡು ಆಲ್ಪ್ಸ್ ಕಡೆ ಹೊರಡುತ್ತದೆ. ಎರಡನೇ ಕ್ಲಾಸಿನ ಮಗಳು ಮನೆಗೆ ಬಂದು, ತನ್ನ ಕ್ಲಾಸಲ್ಲಿ ಸ್ಕೀ ಬಾರದೇ ಇರೋದು ತನಗೆ ಮತ್ತು ಅಕ್ವೇರಿಯಮ್ಮಿನ ಮೀನಿಗೆ ಮಾತ್ರ ಅಂತ ಅತ್ತಳು. ಅದೇ ಹೊತ್ತಿಗೆ ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ ಮೂರು ತಿಂಗಳಿಗೆ ಬಂದಿದ್ದರು. ಸರಿ, ಎಲ್ಲರೂ ಹೋಗೋಣ ಅಂತಾಯಿತು. ಹಿಮದ ರಸ್ತೆಯಲ್ಲಿ ಕಾರು ಓಡಿಸಲು ನನಗೆ ಹೆದರಿಕೆ. ಹಾಗಾಗಿ ರೈಲು ಊರೊಳಗೇ ನಿಲ್ಲುವ ಜಾಗ ಹುಡುಕಿದೆ. ಆಸ್ಟ್ರಿಯಾದ ಸಾಂಕ್ಟ್ ಆಂಟನ್ ಆಮ್ ಆರ್ಲ್‌ಬರ್ಗ್ ಸಿಕ್ಕಿತು. ಇನ್ಸ್‌ಬ್ರುಕ್‌ನಲ್ಲಿ ಒಂದು ರೈಲು ಬದಲಿಸಿದರೆ ಆಯಿತು. ಸ್ಟೇಷನ್ನಿಂದ ನಾಲ್ಕು ಹೆಜ್ಜೆ ನಡೆದರೆ ಕೇಬಲ್ ಕಾರು.

ನಾನು ನೋಡಿದ್ದು ರೈಲನ್ನು ಮಾತ್ರ. ಬುಕ್ ಮಾಡಿದ ಮೇಲೆ ಆಫೀಸಲ್ಲಿ ಹೇಳಿದೆ. ಸಹೋದ್ಯೋಗಿ ಕಾಫಿ ಲೋಟ ಕೆಳಗಿಟ್ಟು, "ಮೊದಲ ಸಲಕ್ಕೇ ಅಲ್ಲಿಗಾ?" ಅಂದ. ಆಮೇಲೆ ಗೊತ್ತಾಯಿತು. ಇವತ್ತಿನ ಸ್ಕೀ ಆಟದ ತವರುಮನೆ ಅಂತ ಕರೆಸಿಕೊಳ್ಳುವ ಜಾಗ ಅದು. ಅಲ್ಲಿ ಸ್ಕೀ ಕ್ಲಬ್ ಶುರುವಾಗಿದ್ದೇ 1901ರಲ್ಲಿ. ಪಕ್ಕದ ಸ್ಟೂಬೆನ್ ಹಳ್ಳಿಯ ಹಾನೆಸ್ ಶ್ನೈಡರ್ ಅನ್ನುವವರು 1921ರಲ್ಲಿ ಅಲ್ಲಿ ಶಾಲೆ ತೆರೆದು, ಜಗತ್ತಿಗೇ ಸ್ಕೀ ಪಾಠ ಹೇಗೆ ಹೇಳಬೇಕು ಅಂತ ತೋರಿಸಿಕೊಟ್ಟರು. ಇಳಿಜಾರುಗಳಿಗೆ ನೀಲಿ, ಕೆಂಪು, ಕಪ್ಪು ಅಂತ ಬಣ್ಣ ಕೊಟ್ಟಿರುತ್ತಾರೆ. ನೀಲಿ ಸುಲಭ, ಕಪ್ಪು ಕಠಿಣ. ಈ ಊರಿನ ನೀಲಿ ಬೇರೆ ಊರಿನ ಕೆಂಪಿಗೆ ಸಮ ಅಂತ ಬಲ್ಲವರು ಹೇಳುತ್ತಾರೆ. ಒಟ್ಟಿನಲ್ಲಿ ನಾನು ಈಜು ಕಲಿಯೋಕೆ ಮನೆಯವರನ್ನೆಲ್ಲ ಕಟ್ಟಿಕೊಂಡು ಜೋಗದ ಗುಂಡಿಗೆ ಹೊರಟಿದ್ದೆ.

"ಇಷ್ಟೆಲ್ಲ ದುಡ್ಡು ಕೊಟ್ಟು ಜಾರೋದಾ?" ಅಂದರು ಅಮ್ಮ. "ಆಷಾಢದಲ್ಲಿ ನಮ್ಮ ಅಂಗಳಕ್ಕೆ ಬಾ ಮಾರಾಯ, ಬಿಟ್ಟಿ ಜಾರಬಹುದು."

ಮಾತು ಸುಳ್ಳಲ್ಲ. ಮಲೆನಾಡಿನವರಿಗೆ ಜಾರೋದು ಹೊಸದೇನೂ ಅಲ್ಲ. ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಚಡ್ಡಿ ಹರಿದುಕೊಂಡವರು ನಾವು. ಅಪ್ಪನಂತೂ ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋಗಿ, ಮೂವತ್ತು ವರ್ಷ ಗಣಿತ ಪಾಠ ಮಾಡಿ, ಒಂದು ದಿನವೂ ಜಾರಿ ಬಿದ್ದವರಲ್ಲ. ಈ ಗಣಿತದ ವಿಷಯ ಮುಂದೆ ಬರುತ್ತದೆ.

ಮೊದಲು ಬೂಟಿನ ಬಗ್ಗೆ ಹೇಳಿಬಿಡುತ್ತೇನೆ. ಸ್ಕೀ ಬೂಟು ಅಂದರೆ ಬೂಟಲ್ಲ, ಕಾಲಿಗೆ ಹಾಕಿದ ಪ್ಲಾಸ್ಟಿಕ್ ಕೋಳ. ನಾಲ್ಕು ಕೊಂಡಿ ಬಿಗಿದ ಮೇಲೆ ಪಾದದ ಗಂಟು ಇದೆ ಅನ್ನೋದೇ ಮರೆತುಹೋಗುತ್ತದೆ. ಮುಂದಕ್ಕೆ ಬಾಗಿಯೇ ನಿಂತಿರಬೇಕು. ಹೆಗಲ ಮೇಲೆ ಸ್ಕೀ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮಗಳ ಸ್ಕೀ, ಹಲ್ಲಲ್ಲಿ ನನ್ನ ಕೈಗವುಸು. ಈ ಅವತಾರದಲ್ಲಿ ನಾನು ಟಕ್ ಟಕ್ ಅಂತ ಹೋಗುತ್ತಿದ್ದರೆ, ಹಿಂದೆ ಅಮ್ಮ ಸೀರೆಯ ಮೇಲೆ ನನ್ನ ಹಳೇ ಜಾಕೆಟ್ ಹಾಕಿಕೊಂಡು, ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು, ಚಕ್ಕುಲಿ ಡಬ್ಬಿ ಹಿಡಿದು ಹಾಯಾಗಿ ಬರುತ್ತಿದ್ದರು. ಬಸ್ಸಲ್ಲಿ ತಿರುಗಿದಾಗ ನನ್ನ ಹೆಗಲ ಮೇಲಿನ ಸ್ಕೀ ಕೂಡ ತಿರುಗಿತು. ಯಾರದೋ ಹೆಲ್ಮೆಟ್ಟಿಗೆ ಬಡಿಯಿತು. ಹೆಲ್ಮೆಟ್ ಅನ್ನೋದು ಬೀಳುವಾಗ ಮಾತ್ರ ಬೇಕಾಗೋದಲ್ಲ.

ಹೊಸಬರಿಗೆ ನಾಸರೈನ್ ಅನ್ನೋ ಕಡೆ ಇಳಿಜಾರು. ನಮ್ಮ ಟೀಚರ್ ಅಪ್ಪನ ವಯಸ್ಸಿನವರು. ಬಿಸಿಲಿಗೆ ಸುಟ್ಟು ಮುಖ ಹಣ್ಣು ಹುಣಿಸೆಯ ಬಣ್ಣಕ್ಕೆ ತಿರುಗಿತ್ತು. ಮೊದಲ ಪಾಠ, ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದಿನದನ್ನು ಅಗಲಿಸೋದು. ಮಕ್ಕಳಿಗೆ ಇದನ್ನು ಪಿಜ್ಜಾ ಅಂತಾರೆ. ಎರಡೂ ಸಮವಾಗಿಟ್ಟರೆ ಪೊಮ್ಮೆಸ್, ಅಂದರೆ ಉದ್ದುದ್ದ ಕರಿದ ಆಲೂಗಡ್ಡೆ. ಪಿಜ್ಜಾ ಮಾಡಿದರೆ ನಿಲ್ಲುತ್ತದೆ, ಪೊಮ್ಮೆಸ್ ಮಾಡಿದರೆ ಓಡುತ್ತದೆ. ಮಗಳು ಅರ್ಧ ಗಂಟೆಯಲ್ಲಿ ಪಿಜ್ಜಾ ಕಲಿತಳು. ನಾನು ಪಿಜ್ಜಾ ಮಾಡಲು ಕಾಲು ಅಗಲಿಸಿದ ಕೂಡಲೇ ಟಪ್ ಅಂತ ಸದ್ದಾಯಿತು. ಎಡಗಾಲಿನ ಸ್ಕೀ ನನ್ನನ್ನು ಬಿಟ್ಟು ನಿಂತಿತ್ತು.

ಸ್ಕೀ ಮತ್ತೆ ಹಾಕಿಕೊಳ್ಳೋದು ಅಂದರೆ ಅದೊಂದು ವ್ರತ. ಬೂಟಿನ ಅಡಿಗೆ ಮೆತ್ತಿದ ಹಿಮ ಕೆರೆಯಬೇಕು. ಸ್ಕೀಯನ್ನು ಇಳಿಜಾರಿಗೆ ಅಡ್ಡ ಇಡಬೇಕು. ಕೆಳಗಿನ ಕಾಲಿನದು ಮೊದಲು. ಬೆರಳಿನ ಕಡೆ ತೂರಿಸಿ, ಹಿಮ್ಮಡಿ ಒತ್ತಿ, ಟಕ್ ಅನ್ನಬೇಕು. ಅಷ್ಟರಲ್ಲಿ ನಾಲ್ಕು ವರ್ಷದ ಪೋರರು ನನ್ನ ಎಡಕ್ಕೂ ಬಲಕ್ಕೂ ಸಾಲಾಗಿ ಜಾರಿಹೋಗುತ್ತಿದ್ದರು, ಇರುವೆ ಸಾಲು ಕಲ್ಲನ್ನು ಬಳಸಿ ಹೋಗುತ್ತದಲ್ಲ, ಹಾಗೆ. ಎರಡು ಮೀಟರ್ ಹೋದೆ. ಟಪ್. ಈಗ ಬಲಗಾಲಿನದು.

ನಡುವೆ ಎಳೆಯುವ ಲಿಫ್ಟ್ ಬೇರೆ. ಕೋಲಿನ ತುದಿಗೆ ಒಂದು ತಟ್ಟೆ. ಅದನ್ನು ತೊಡೆ ಸಂದಿಗೆ ಇಟ್ಟುಕೊಂಡು ನಿಂತೇ ಇರಬೇಕು, ಅದು ಮೇಲಕ್ಕೆ ಎಳೆಯುತ್ತದೆ. ತಟ್ಟೆ ಕಂಡರೆ ಕೂರಬೇಕು ಅನ್ನಿಸೋದು ಸಹಜ ಅಲ್ವಾ? ಕೂತೆ. ಅದು ಕುರ್ಚಿ ಅಲ್ಲ. ಮಲಗಿಕೊಂಡೇ ಸ್ವಲ್ಪ ದೂರ ಹೋದೆ. ಲಿಫ್ಟ್ ನಿಲ್ಲಿಸಿದರು. ಕೆಳಗೆ ಸಾಲಲ್ಲಿದ್ದವರೆಲ್ಲ ಬೇಲಿಯ ಪಕ್ಕ ಚಕ್ಕುಲಿ ತಿನ್ನುತ್ತಿದ್ದ ಅಮ್ಮನ ಕಡೆ ನೋಡಿದರು. ಅಮ್ಮ ಬೇರೆ ಕಡೆ ನೋಡಿದರು.

ಬೆಳಗಿನಿಂದ ಹನ್ನೊಂದನೇ ಸಲ ಸ್ಕೀ ಕಳಚಿದಾಗ ಟೀಚರ್‌ಗೆ ಅನುಮಾನ ಬಂತು. ಬೂಟನ್ನು ಸ್ಕೀಗೆ ಕಚ್ಚಿಸಲು ಬೈಂಡಿಂಗ್ ಅಂತ ಇರುತ್ತದೆ. ಜೋರಾಗಿ ಬಿದ್ದಾಗ ಅದು ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಸುಮ್ಮನೆ ನಿಂತಾಗ ಬಿಟ್ಟುಕೊಳ್ಳಬಾರದು. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಆಟ ಎಷ್ಟು ಬರುತ್ತದೆ ಎಲ್ಲ ನೋಡಿ ಲೆಕ್ಕ ಹಾಕಿ ಸ್ಕ್ರೂ ತಿರುಗಿಸಿರುತ್ತಾರೆ. ಅದಕ್ಕೇ ಆ ಮೂರು ಪ್ರಶ್ನೆ! ನಾನು ಸುಮ್ನೆ ಕಾಗದಕ್ಕೆ ಅಂದುಕೊಂಡಿದ್ದೆ. ಟೀಚರ್ ಬಗ್ಗಿ, ಬೈಂಡಿಂಗಿನ ಮೇಲಿನ ಪುಟ್ಟ ಅಂಕಿ ನೋಡಿ, ನನ್ನನ್ನು ನೋಡಿ, ಜರ್ಮನ್‌ನಲ್ಲಿ ಗಟ್ಟಿಯಾಗಿ ಕೇಳಿದರು, "ನೀವು ಎಷ್ಟು ಕಿಲೋ?"

ಕಿಲೋ ಅನ್ನೋ ಮಾತು ಎಲ್ಲ ಭಾಷೆಯಲ್ಲೂ ಕಿಲೋನೇ. ಬೇಲಿಯ ಆಚೆಯಿಂದ ಅಪ್ಪನ ದನಿ ಬಂತು. "ಎಂಬತ್ತಾರು!"

ಅದು ಅಪ್ಪನಿಗೆ ಹೇಗೆ ಗೊತ್ತು ಅಂತೀರಾ? ವಾಪಸ್ ಹೋಗಲು ಇನ್ನೂ ತಿಂಗಳಿರುವಾಗಲೇ ಅಮ್ಮ ಪೆಟ್ಟಿಗೆ ತುಂಬಲು ಶುರು ಮಾಡಿದ್ದರು. ವಿಮಾನಕ್ಕೆ 23 ಕಿಲೋ ಮಿತಿ. ಪೆಟ್ಟಿಗೆಯನ್ನು ಸುಮ್ನೆ ತೂಕದ ಯಂತ್ರದ ಮೇಲಿಟ್ಟರೆ ಅಂಕಿ ಕಾಣೋದಿಲ್ಲ. ಅದನ್ನು ಹಿಡಿದುಕೊಂಡು ಒಬ್ಬರು ನಿಲ್ಲಬೇಕು, ಆಮೇಲೆ ಅವರ ತೂಕ ಕಳೆಯಬೇಕು. ನಿಂತವನು ನಾನು, ಕಳೆದವರು ಅಪ್ಪ.

"ಪೆಟ್ಟಿಗೆ ಸಮೇತ 109," ಅಂತ ಅಪ್ಪ ಬೇಲಿ ಹಿಡಿದು ಲೆಕ್ಕ ಒಪ್ಪಿಸಿದರು. "ಪೆಟ್ಟಿಗೆ 23. ಉಳಿದದ್ದು ಎಷ್ಟು?"

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ತಡವರಿಸಲಿಲ್ಲ. ಜರ್ಮನ್ ಭಾಷೆಯಲ್ಲಿ ಎಣಿಕೆ ಉಲ್ಟಾ, 86ಕ್ಕೆ 'ಆರು ಮತ್ತು ಎಂಬತ್ತು' ಅನ್ನುತ್ತಾರೆ, ಗಡಿಬಿಡಿಯಲ್ಲಿ ನಾನು 'ಎಂಟು ಮತ್ತು ಅರವತ್ತು' ಅಂದುಬಿಟ್ಟೆ ಅಂತ ವಿವರಿಸಿದೆ.

"ಏಳು ವರ್ಷದಿಂದ ಸಂಬಳ ಮಾತ್ರ ಸರಿಯಾಗಿ ಎಣಿಸ್ಕೊಳ್ತಾ ಇದೀರಲ್ಲ ರೀ," ಅಂದಳು.

ಮಧ್ಯಾಹ್ನ ಅಂಗಡಿಗೆ ಹೋಗಿ ಸ್ಕ್ರೂ ಬಿಗಿ ಮಾಡಿಸಿದೆ. ಹುಡುಗ ನಗಲಿಲ್ಲ, ಅದೇ ಜಾಸ್ತಿ ನೋವಾಯಿತು. ಈಗ ಸ್ಕೀ ಕಳಚಲಿಲ್ಲ. ಕಳಚದ ಮೇಲೆ ಗೊತ್ತಾಯಿತು, ಇಷ್ಟು ಹೊತ್ತು ನನ್ನನ್ನು ನಿಲ್ಲಿಸುತ್ತಿದ್ದದ್ದು ಪಿಜ್ಜಾ ಅಲ್ಲ, ಆ ಟಪ್. ಮೊದಲ ಬಾರಿಗೆ ನೇರ ಪೊಮ್ಮೆಸ್ ಆಗಿ, ಎರಡೂ ಕೈ ಮೇಲೆತ್ತಿ, 'ಜಾಗ ಬಿಡಿ' ಅಂತ ಅಚ್ಚ ಕನ್ನಡದಲ್ಲಿ ಕೂಗುತ್ತಾ ಕೆಳಗಿನ ಕಿತ್ತಳೆ ಬಣ್ಣದ ಬಲೆಗೆ ಹೋಗಿ ಸಿಕ್ಕಿಕೊಂಡೆ. ಅಲ್ಲೇ ಮಗಳ ಗುಂಪು ಕೂತು ಬಿಸ್ಕತ್ತು ತಿನ್ನುತ್ತಿತ್ತು. ಪಕ್ಕದ ಹುಡುಗಿ ಏನೋ ಕೇಳಿದಳು. ಮಗಳು ಜರ್ಮನ್‌ನಲ್ಲಿ, "ನನಗೆ ಗೊತ್ತಿಲ್ಲ, ಯಾರೋ," ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

ಆ ಊರಿನ ನಿಜವಾದ ಗದ್ದಲ ಶುರುವಾಗೋದು ಮಧ್ಯಾಹ್ನ ಮೂರರ ಮೇಲೆ. ಇಳಿಜಾರಿನ ಬದಿಯ ಗುಡಿಸಲು ಹೋಟೆಲುಗಳಲ್ಲಿ ಜಾತ್ರೆಯ ಹಾಗೆ ಹಾಡು ಹಾಕುತ್ತಾರೆ. ಜನ ಅದೇ ಕೋಳದಂಥ ಬೂಟಲ್ಲಿ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಾರೆ, ಆಮೇಲೆ ಕತ್ತಲಲ್ಲಿ ಸ್ಕೀ ಹಾಕಿಕೊಂಡೇ ಊರಿಗೆ ಇಳಿಯುತ್ತಾರೆ. ನನಗೆ ಹಗಲಲ್ಲಿ, ಬರೀ ನೀರು ಕುಡಿದು ಆಗದ್ದು! ಫಾಶಿಂಗ್ ಅಂತ ಕೆಲವರು ಹಸು, ಕರಡಿ ವೇಷ ಹಾಕಿದ್ದರು. ಕರಡಿಯೊಂದು ಅಪ್ಪನ ಮಂಕಿ ಕ್ಯಾಪನ್ನೂ ವೇಷ ಅಂದುಕೊಂಡು ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಸಿಕೊಂಡಿತು. ಅಪ್ಪ ನಮಸ್ಕಾರ ಮಾಡಿದರು.

ಊಟಕ್ಕೆ ನಾವು ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಬೇಕು. ದೋಸೆಯನ್ನು ಸಣ್ಣಗೆ ಹೆಚ್ಚಿ ಹಾಕಿದಂಥ ಒಂದು ಸೂಪ್ ಇದೆ, ಅಮ್ಮನಿಗೆ ನೋಡಿದ ಕೂಡಲೇ ಇಷ್ಟವಾಯಿತು. ಅದರ ಸಾರು ದನದ್ದು. ಮೆನು ಮುಚ್ಚಿ, ಗೆರ್ಮ್‌ಕ್ನೋಡೆಲ್ ಹೇಳಿದೆ. ಬಂತು ನೋಡಿ, ಆವಿಯಲ್ಲಿ ಬೆಂದ, ಮುಷ್ಟಿಗಿಂತ ದೊಡ್ಡ, ಬೆಳ್ಳಗಿನ ಉಂಡೆ. ಒಳಗೆ ಪ್ಲಮ್ ಹಣ್ಣಿನ ಹೂರಣ, ಮೇಲೆ ಗಸಗಸೆ, ಸಕ್ಕರೆ, ಸುತ್ತ ವೆನಿಲಾ ಸಾಸ್.

"ಇದು ಕಡುಬು," ಅಂದರು ಅಮ್ಮ, ಮುರಿದು ನೋಡಿ. "ಕಾಯಿ ಹಾಕೋದು ಮರೆತಿದಾರೆ ಅಷ್ಟೇ."

ಆ ವಾರ ಪೂರ್ತಿ ದಿನಾ ಕಡುಬು. ಅಮ್ಮ ಅರ್ಧ ತಿಂದು ಸಾಕು ಅನ್ನೋರು, ಅಪ್ಪ ಕಾಲು ಭಾಗ ಬಿಡೋರು, ಮಗಳು ಹೂರಣ ಮಾತ್ರ ತಿನ್ನೋಳು. ಉಳಿದದ್ದನ್ನು ಎಸೆಯೋಕಾಗುತ್ತಾ? ವಾರದ ಕೊನೆಗೆ ಮಗಳು ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ನೀಲಿ ಇಳಿಜಾರಿನಲ್ಲಿ ಇಳಿದು ಬಂದಳು. ಹೆಂಡತಿಯೂ ಬಂದಳು. ನಾನು ಬೇಲಿಯ ಪಕ್ಕ ಅಪ್ಪ, ಅಮ್ಮನ ಜೊತೆ ನಿಂತು ಚಪ್ಪಾಳೆ ತಟ್ಟಿದೆ.

ಮಾರ್ಚಿನಲ್ಲಿ ಅಪ್ಪ, ಅಮ್ಮ ಊರಿಗೆ ಹೊರಟರು. ಹಿಂದಿನ ರಾತ್ರಿ ಮತ್ತೆ ಪೆಟ್ಟಿಗೆ ಹಿಡಿದು ಯಂತ್ರದ ಮೇಲೆ ನಿಂತೆ. 111 ತೋರಿಸಿತು. ಅಪ್ಪ ಅದರಿಂದ 86 ಕಳೆದರು. 25. ಎರಡು ಕಿಲೋ ಜಾಸ್ತಿ. ಅಮ್ಮ ಗೊಣಗುತ್ತಾ, ನೆಂಟರಿಷ್ಟರಿಗೆ ಅಂತ ತೆಗೆದಿಟ್ಟಿದ್ದ ಎರಡು ಕಿಲೋ ಚಾಕೊಲೇಟನ್ನು ತೆಗೆದು ನಮ್ಮ ಅಡುಗೆಮನೆಯಲ್ಲೇ ಇಟ್ಟರು.

ಬೆಳಿಗ್ಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪೆಟ್ಟಿಗೆ ಇಟ್ಟಾಗ ಪರದೆಯ ಮೇಲೆ 21 ಅಂತ ಬಂತು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಅದನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.