ತೂಕದ ಜೊತೆ ಗೊರಕೆಯ ಬಗ್ಗೆಯೂ ಕೇಳಿ

ತೂಕ ಜಾಸ್ತಿ ಇರುವ ವಿದ್ಯಾರ್ಥಿಗಳಿಗೆ ಹಗಲಲ್ಲಿ ನಿದ್ದೆ ಜಾಸ್ತಿ ಅಂತ ಲೇಖನದಲ್ಲಿ ಬರೆದಿದ್ದೀರಿ. ಸರಿ. ಆದರೆ ಇದನ್ನು ಓದಿ ದಪ್ಪಗಿರುವವರೆಲ್ಲ ಸೋಮಾರಿಗಳು ಅಂದುಕೊಳ್ಳಬೇಡಿ.

ನಾನು ಡಿಗ್ರಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮಧ್ಯಾಹ್ನದ ಕ್ಲಾಸಿನಲ್ಲಿ ಒಬ್ಬ ಹುಡುಗ ನೋಟ್ಸ್ ಬರೆಯುತ್ತಲೇ ತೂಕಡಿಸುತ್ತಿದ್ದ. ಪೆನ್ನು ಗೆರೆಯಿಂದ ಜಾರಿ, ಪುಟದ ಅಂಚಿನವರೆಗೂ ಗೀಟು ಎಳೆದಿರುತ್ತಿತ್ತು. ಉಳಿದವರು ನಗುತ್ತಿದ್ದರು. ಅವನ ರೂಮ್‌ಮೇಟ್ ಹೇಳಿದ ಮೇಲೆ ವಿಷಯ ಗೊತ್ತಾಯಿತು: ರಾತ್ರಿಯಿಡೀ ಜೋರು ಗೊರಕೆ, ಮಧ್ಯೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಾನಂತೆ. ಇವು ಸ್ಲೀಪ್ ಅಪ್ನಿಯಾದ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಯ ಲಕ್ಷಣಗಳು. ಕತ್ತಿನ ಸುತ್ತ ಕೊಬ್ಬು ಸೇರಿದರೆ ಮಲಗಿದಾಗ ಗಂಟಲಿನ ದಾರಿ ಕಿರಿದಾಗುತ್ತದೆ. ಎಂಟು ಗಂಟೆ ಮಲಗಿದರೂ ನಿದ್ದೆ ತುಂಡು ತುಂಡು. ಪಾಪ, ಹಗಲಲ್ಲಿ ಕಣ್ಣು ಎಳೆಯದೇ ಇರುತ್ತದಾ? ನಮ್ಮ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ಮುಟ್ಟಿದರೇ ತೂಕ ಜಾಸ್ತಿ ಅಂತ ಲೆಕ್ಕ, ಸಾಮಾನ್ಯವಾಗಿ ಹೇಳುವ 25ರವರೆಗೆ ಕಾಯಬೇಕಿಲ್ಲ.

ಉಲ್ಟಾನೂ ನಿಜ ಅಲ್ವಾ, ನಿದ್ದೆ ಕಡಿಮೆಯಾದರೆ ತೂಕವೂ ಏರಬಹುದು? ನಿದ್ದೆಗೆಟ್ಟರೆ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಏರಬಹುದು, ಹೊಟ್ಟೆ ತುಂಬಿತು ಅನ್ನಿಸುವ ಲೆಪ್ಟಿನ್ ಹಾರ್ಮೋನು ಇಳಿಯಬಹುದು. ರಾತ್ರಿ ಒಂದು ಗಂಟೆಗೆ ನೂಡಲ್ಸ್ ಬೇಯಿಸಿಕೊಳ್ಳುವ ಹಾಸ್ಟೆಲ್ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ತೆಳ್ಳಗಿರುವ ಹುಡುಗಿಯರು ತೂಕಡಿಸಿದರೆ ಮೊದಲು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಎಪ್‌ವರ್ತ್ ಅಳತೆ ಅಂತ, ಹಗಲಲ್ಲಿ ಎಷ್ಟು ತೂಕಡಿಕೆ ಬರುತ್ತದೆ ಅಂತ ಕೇಳುವ ಪ್ರಶ್ನಾವಳಿ, 1991ರಿಂದ ಇದೆ. 8 ಪ್ರಶ್ನೆ, ಒಟ್ಟು 24 ಅಂಕ. 10 ದಾಟಿದರೆ ಡಾಕ್ಟರನ್ನು ಕಾಣುವುದು ಒಳ್ಳೆಯದು. ಕಾಲೇಜಿನ ಹೆಲ್ತ್ ಚೆಕಪ್‌ನಲ್ಲಿ ಸುಮ್ನೆ ತೂಕ, ಎತ್ತರ ಬರೆದುಕೊಂಡು ಕಳಿಸುವ ಬದಲು ಇದನ್ನೂ ತುಂಬಿಸಿ, ಗೊರಕೆಯ ಬಗ್ಗೆ ರೂಮ್‌ಮೇಟನ್ನೂ ಒಂದು ಮಾತು ಕೇಳಿ.