ತ ಪಕ್ಷ, ಟ ಪಕ್ಷ

ವಿಜಯಪುರದ ಕಾಲೇಜೊಂದರಲ್ಲಿ ಈಚೆಗೆ ಎರಡು ದಿನಗಳ ವಿಕಿಪೀಡಿಯ ಸಂಪಾದನೋತ್ಸವ ನಡೆಯಿತು. ನೆರೆಯ ದೇಶವೊಂದರ ಬಗೆಗಿನ ಕನ್ನಡ ಲೇಖನವನ್ನು ಎಲ್ಲರೂ ಕೂಡಿ ಬೆಳೆಸಬೇಕೆಂಬುದು ಅದರ ಉದ್ದೇಶವಾಗಿತ್ತು. ಸಿಕ್ಕಿಮಿನ ಪೂರ್ವಕ್ಕಿರುವ, 38,394 ಚದರ ಕಿಲೋಮೀಟರ್ ವಿಸ್ತೀರ್ಣದ, ಥಿಂಫುವನ್ನು ರಾಜಧಾನಿಯಾಗಿ ಉಳ್ಳ ಆ ದೇಶದ ಹೆಸರನ್ನು ನಾನು ಸ್ವಂತ ಹೊಣೆಯ ಮೇಲೆ ಬರೆಯುವುದಿಲ್ಲ. ಬರೆದರೆ ಊರಿನ ಅರ್ಧದಷ್ಟು ಅಕ್ಷರಸ್ಥರೊಡನೆ ಮಾತು ಬಿಡಬೇಕಾಗುತ್ತದೆ. ನನಗೆ ಸಾಲ ಕೊಟ್ಟವರು ಎರಡೂ ಪಕ್ಷಗಳಲ್ಲಿದ್ದಾರೆ.

2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾಗಿ, 2003ರಲ್ಲಿ ಕನ್ನಡಕ್ಕೂ ಬಂದ ಈ ವಿಶ್ವಕೋಶವು, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಕಡೆಗೆ ಎಲ್ಲರೂ ಚರ್ಚೆಯ ಪುಟದಲ್ಲಿ ಕುಳಿತು ಒಮ್ಮತಕ್ಕೆ ಬರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಇಂಥ ನಂಬಿಕೆ ಇಟ್ಟುಕೊಂಡವರು ನಮ್ಮೂರಿನ ಹೊಲದ ಬದುವಿನ ತಂಟೆಯನ್ನು ಒಂದನ್ನಾದರೂ ಕಂಡಿರಲಾರರು.

ದೀಪ ಬೆಳಗಿಸಿ, ಶಾಲು ಹೊದಿಸಿ, ಉದ್ಘಾಟನೆಯ ಭಾಷಣಗಳು ಮುಗಿಯುವ ಹೊತ್ತಿಗೆ ಊಟದ ಸಮಯವಾಗಿತ್ತು. ಊಟವಾದ ಮೇಲೆ ನಿವೃತ್ತ ಮಾಸ್ತರರೊಬ್ಬರು ‘ಸಂಪಾದಿಸಿ’ ಗುಂಡಿಯನ್ನು ಒತ್ತಿ, ಮೊದಲ ಸಾಲಿನಲ್ಲಿದ್ದ ‘ಭೂತಾನ್’ ಎಂಬುದನ್ನು ‘ಭೂಟಾನ್’ ಎಂದು ತಿದ್ದಿದರು. ಭೋಟ ಎಂಬ ಶಬ್ದದಿಂದ ಬಂದ ಹೆಸರಿನಲ್ಲಿ ಟಕಾರವೇ ಇರಬೇಕು ಎಂಬುದು ಅವರ ವಾದ. ಐದು ನಿಮಿಷದೊಳಗೆ ಎದುರಿನ ಬೆಂಚಿನ ವಕೀಲರು ಅದನ್ನು ವಜಾ ಮಾಡಿ, ತಾವು ಶಾಲೆಯಲ್ಲಿ ಓದಿದ್ದು ತಕಾರವೆಂದೂ ಶಾಲೆಯಲ್ಲಿ ಓದಿದ್ದನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲವೆಂದೂ ಸಾರಿದರು. ತಕಾರವಿದ್ದರೆ ಮಕ್ಕಳು ಅದನ್ನು ಭೂತಗಳ ದೇಶವೆಂದು ಭಾವಿಸಿ ಅಂಜುತ್ತಾರೆ ಎಂದು ಮಾಸ್ತರರ ಅಳಿಯ ದನಿಗೂಡಿಸಿದರು. ಆ ದೇಶದವರು ತಮ್ಮ ನಾಡನ್ನು ತಮ್ಮ ನುಡಿಯಲ್ಲಿ ‘ಡ್ರುಕ್ ಯುಲ್’ ಎಂದು ಕರೆಯುತ್ತಾರೆ, ಅದರಲ್ಲಿ ತಕಾರವೂ ಇಲ್ಲ, ಟಕಾರವೂ ಇಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಇಬ್ಬರೂ ನನ್ನನ್ನು ಒಂದೇ ಬಗೆಯಲ್ಲಿ ನೋಡಿದರು. ಎರಡು ದಿನಗಳಲ್ಲಿ ಮೂಡಿದ ಒಮ್ಮತವೆಂದರೆ ಅದೊಂದೇ.

ಇಂಗ್ಲಿಷ್ ವಿಕಿಪೀಡಿಯದಲ್ಲಿ, 24 ಗಂಟೆಗಳೊಳಗೆ ಒಂದು ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಪರರ ತಿದ್ದುಪಡಿಯನ್ನು ಒಬ್ಬರು ವಜಾ ಮಾಡುವಂತಿಲ್ಲ ಎಂಬ ನಿಯಮವಿದೆ. ತರಬೇತಿ ನೀಡಲು ಬಂದಿದ್ದ ಯುವಕ ಜಗಳ ಬಿಡಿಸುವ ಉದ್ದೇಶದಿಂದ ಅದನ್ನು ವಿವರಿಸಿದ. ಸಭೆ ಅದನ್ನು ರೇಷನ್ ಎಂದು ತಿಳಿದುಕೊಂಡಿತು. ದಿನಕ್ಕೆ ಮೂರು ಸಲ ಸಿಗುವುದನ್ನು ಬಿಟ್ಟುಕೊಡುವುದು ಯಾವ ನ್ಯಾಯ? ಮಾಸ್ತರರು ತಮ್ಮ ಮೂರನ್ನು ಮುಗಿಸಿ ನಾಲ್ಕನೆಯದನ್ನು ಅಳಿಯನ ಖಾತೆಯಿಂದ ಮಾಡಿದರು. ವಕೀಲರು, ಊರಿನಲ್ಲೇ ಇರದ ತಮ್ಮ ಸೊಸೆಯ ಹೆಸರಿನಲ್ಲಿ ಹೊಸ ಖಾತೆಯನ್ನೇ ತೆರೆದರು.

ನಡುವೆ ಊಟದ ಪ್ರಕರಣವೂ ಒಂದು ಆಯಿತು. ಹಸಿಮೆಣಸಿನಕಾಯಿಯನ್ನು ಚೀಸ್‌ನೊಂದಿಗೆ ಬೇಯಿಸುವ ‘ಎಮಾ ದಾತ್ಶಿ’ ಆ ದೇಶದ ಮೆಚ್ಚಿನ ಖಾದ್ಯ. ನಮ್ಮವರೊಬ್ಬರು, ‘ಇದು ವಿಜಯಪುರದ ರಂಜಕದಿಂದ ಹುಟ್ಟಿದ್ದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ’ ಎಂದು ಸೇರಿಸಿದರು. ಉಲ್ಲೇಖವೆಲ್ಲಿ ಎಂದರೆ ತಮ್ಮ ಎದೆಯನ್ನೇ ತೋರಿಸಿದರು. ಅಂದು ಸಂಜೆ ಉತ್ಸವದ ವರದಿ ಬರೆದ ಸ್ಥಳೀಯ ಪತ್ರಕರ್ತರು ಪುಟದಲ್ಲಿದ್ದ ಆ ಸಾಲನ್ನು ಎತ್ತಿಕೊಂಡರು, ಮರುದಿನ ಅದು ಪತ್ರಿಕೆಯಲ್ಲಿ ಅಚ್ಚಾಯಿತು, ಹನ್ನೊಂದು ಗಂಟೆಗೆ ಅದೇ ಪತ್ರಿಕೆ ಅದೇ ಸಾಲಿಗೆ ಉಲ್ಲೇಖವಾಗಿ ಪುಟದಲ್ಲಿ ಬಂದು ಕುಳಿತಿತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎಂದು ಗೈಡುಗಳು ಹೇಳುತ್ತಾರೆ. ಅಲ್ಲಿ ಆ ಏಳನ್ನೂ ಏಳು ಜನರ ಸಾಕ್ಷಿಯೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಈ ಗದ್ದಲದಲ್ಲಿ ಒಂದು ಮೂಲೆಯ ಕಂಪ್ಯೂಟರಿನ ಮುಂದೆ ಬಿ.ಎ. ಓದುವ ಹುಡುಗಿಯೊಬ್ಬಳು ಯಾರಿಗೂ ಅಡ್ಡಬಾರದೆ ಕೆಲಸ ಮಾಡುತ್ತಿದ್ದಳು. ಪುಟದಲ್ಲಿದ್ದ ಜನಸಂಖ್ಯೆ 2005ರ ಜನಗಣತಿಯದು ಎಂಬುದನ್ನು ಗಮನಿಸಿ, 2017ರ ಜನಗಣತಿಯ 7,27,145 ಎಂಬ ಅಂಕಿಯನ್ನು ಸರ್ಕಾರಿ ವರದಿಯ ಉಲ್ಲೇಖದೊಂದಿಗೆ ಸೇರಿಸಿದಳು. ದೂರದರ್ಶನ ಪ್ರಸಾರ ಅಲ್ಲಿ ಶುರುವಾದದ್ದು 1999ರಲ್ಲಿ ಎಂಬುದನ್ನೂ, ನೆಲದ ಶೇಕಡ 60ರಷ್ಟಾದರೂ ಸದಾ ಕಾಡಾಗಿ ಉಳಿಯಬೇಕೆಂದು 2008ರ ಸಂವಿಧಾನವೇ ವಿಧಿಸಿದೆ ಎಂಬುದನ್ನೂ ಬರೆದಳು. ಆದರೆ ಹಳೆಯ ಆವೃತ್ತಿಗೆ ಪುಟವನ್ನು ಮರಳಿಸಿದರೆ ನಡುವೆ ಬಂದ ಎಲ್ಲರ ಬರಹವೂ ಅದರೊಂದಿಗೆ ಕೊಚ್ಚಿಹೋಗುತ್ತದೆ. ಮಾಸ್ತರರ ಟಕಾರ ಮರಳಿದಾಗಲೊಮ್ಮೆ, ವಕೀಲರ ತಕಾರ ಮರಳಿದಾಗಲೊಮ್ಮೆ ಅವಳ ಕಾಡೂ ಜನರೂ ಮಾಯವಾದರು.

“ಸರ್, ನನ್ನ ಜನಸಂಖ್ಯೆ ಎಲ್ಲಿ ಹೋತ್ರಿ?” ಎಂದು ಅವಳು ಕೇಳಿದಳು.

“ಮೊದಲ ಹೆಸರು ತೀರ್ಮಾನ ಆಗಲಿ ಯವ್ವಾ, ಜನ ಆಮ್ಯಾಲ ಬರತಾರ,” ಎಂದರು ಮಾಸ್ತರರು, ಪರದೆಯಿಂದ ಕಣ್ಣು ಕೀಳದೆ.

ಸಮಾರೋಪದಲ್ಲಿ ಬಹುಮಾನಗಳನ್ನು ಸಂಪಾದನೆಗಳ ಸಂಖ್ಯೆಯ ಮೇಲೆ ಹಂಚಲಾಯಿತು. ಒಂದೇ ಅಕ್ಷರವನ್ನು ಅತಿ ಹೆಚ್ಚು ಸಲ ಬದಲಿಸಿದ್ದಕ್ಕೆ ಮಾಸ್ತರರಿಗೆ ಪ್ರಥಮ, ವಕೀಲರಿಗೆ ದ್ವಿತೀಯ, ಊರಿನಲ್ಲಿಲ್ಲದ ಸೊಸೆಗೆ ತೃತೀಯ ಸ್ಥಾನ ಬಂದಿತು. ಹುಡುಗಿಗೆ ಭಾಗವಹಿಸಿದ ಪ್ರಮಾಣಪತ್ರ ಸಿಕ್ಕಿತು. ಊರಿನ ಅಧಿಕೃತ ಹೆಸರು 2014ರ ನವೆಂಬರ್ 1ರಂದೇ ಬದಲಾಗಿದ್ದರೂ ಎಲ್ಲ ಪ್ರಮಾಣಪತ್ರಗಳಲ್ಲಿ ‘ಬಿಜಾಪುರ’ ಎಂದೇ ಅಚ್ಚಾಗಿತ್ತು. ಪರದೇಶದ ಒಂದಕ್ಷರಕ್ಕಾಗಿ ಎರಡು ದಿನ ಹೋರಾಡಿದ ಮಹನೀಯರಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಎಲ್ಲರೂ ಅದನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡರು.

ಅಂದು ರಾತ್ರಿ ನಾನು ಪುಟದ ಇತಿಹಾಸವನ್ನು ತೆರೆದು ನೋಡಿದೆ. ಹುಡುಗಿ ಮನೆಗೆ ಹೋಗಿ ಮೊಬೈಲಿನಿಂದಲೇ ತನ್ನ ಸಾಲುಗಳನ್ನು ಮತ್ತೆ ಸೇರಿಸಿದ್ದಳು. ಈ ಸಲ ಎರಡು ಪಕ್ಷಗಳಿಗೂ ಸಿಕ್ಕಿಬೀಳದಂತೆ, ‘ಈ ದೇಶದ ಜನಸಂಖ್ಯೆ’, ‘ಈ ದೇಶದ ಸಂವಿಧಾನ’ ಎಂದಷ್ಟೇ ಬರೆದಿದ್ದಳು. ರಾತ್ರಿಯಿಡೀ ಅದನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ನೋಡಿದಾಗ ಊರಿನಲ್ಲಿಲ್ಲದ ಸೊಸೆಯ ಖಾತೆಯಿಂದ ಆ ಸಾಲಿನ ಪಕ್ಕದಲ್ಲಿ ಒಂದು ಟಿಪ್ಪಣಿ ಅಂಟಿಸಲಾಗಿತ್ತು: ‘ಯಾವ ದೇಶ? ಸ್ಪಷ್ಟಪಡಿಸಿ.’