ಆಯುಧಪೂಜೆಗೆ ಎರಡು ದಿನ ಮುಂಚೆ ಹಿತ್ತಲಿಗೆ ಬಂದ ನವರಂಗ

ಹೋದ ವರ್ಷ ಆಯುಧಪೂಜೆಗೆ ಇನ್ನೆರಡು ದಿನ ಇತ್ತು. ಮನೆಯಲ್ಲಿ ಧೂಳು ಹೊಡೆಯುವ ಕೆಲಸ ಜೋರಾಗಿ ನಡೆದಿತ್ತು. ಬೆಳಿಗ್ಗೆ ಆರೂವರೆಗೆ ಹಿತ್ತಲು ಗುಡಿಸಲು ಹೋದ ಅಮ್ಮ, ಪೊರಕೆ ಕೈಯಲ್ಲಿ ಹಿಡಿದುಕೊಂಡೇ ವಾಪಸ್ ಬಂದರು. "ಬೇಗ ಬಾ, ಮೆಟ್ಟಿಲ ಕಿಟಕಿ ಕೆಳಗೆ ಏನೋ ಕೂತಿದೆ. ಗಿಣಿ ಅಲ್ಲ, ಮಿಂಚುಳ್ಳಿನೂ ಅಲ್ಲ" ಅಂದರು.

ಹೋಗಿ ನೋಡಿದೆ. ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು ಒಂದು ಪುಟ್ಟ ಹಕ್ಕಿ. ಗರಿಯೆಲ್ಲ ಉಬ್ಬಿಕೊಂಡಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಬೆನ್ನು ಬಾಳೆ ಎಲೆಯ ಹಸಿರು. ರೆಕ್ಕೆಯ ಮೇಲೆ ಹೊಳೆಯುವ ನೀಲಿ. ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಅಗಲವಾದ ಕಪ್ಪು ಪಟ್ಟಿ. ಗಂಟಲು ಬಿಳಿ, ಎದೆ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಹೊಟ್ಟೆಯ ಕೆಳಗೆ ಕುಂಕುಮ ಬಳಿದಂತೆ ಕೆಂಪು. ಬಾಲ ಇದೆಯೋ ಇಲ್ಲವೋ ಅನ್ನುವಷ್ಟು ಗಿಡ್ಡ.

ನವರಂಗ! ಪುಸ್ತಕದಲ್ಲಿ ನೋಡಿದ್ದೆ. ಚಾಮುಂಡಿ ಬೆಟ್ಟದ ಬುಡದಲ್ಲಿ ಒಮ್ಮೆ ಅದರ ಕೂಗು ಕೇಳಿ, ಅರ್ಧ ಗಂಟೆ ಹುಡುಕಿ, ಕಾಣದೆ ಮನೆಗೆ ಬಂದಿದ್ದೆ. ಆ ಹಕ್ಕಿ ಮೈಸೂರಿನ 40-60 ಸೈಟಿನ ನಮ್ಮ ಮನೆಯ ಹಿತ್ತಲಲ್ಲಿ, ನನ್ನ ಕಾಲಿನಿಂದ ಎರಡು ಅಡಿ ದೂರದಲ್ಲಿ ಕೂತಿತ್ತು.

ಒಂದು ಶೂ ಡಬ್ಬ ಹುಡುಕಿ, ಪಕ್ಕಕ್ಕೆ ನಾಲ್ಕಾರು ತೂತು ಮಾಡಿ, ತಳಕ್ಕೆ ಹಳೇ ಟವೆಲ್ ಹಾಸಿದೆ. ಹಕ್ಕಿಯನ್ನು ಇನ್ನೊಂದು ಬಟ್ಟೆಯಲ್ಲಿ ಮೆಲ್ಲಗೆ ಎತ್ತಿಕೊಂಡೆ. ಅದು ತೂಗುವುದೇ 50-60 ಗ್ರಾಂ. ಒಂದು ಕೋಳಿಮೊಟ್ಟೆಯಷ್ಟು ಭಾರ. ಎದೆ ಹೊಡೆದುಕೊಳ್ಳುವುದು ಬಟ್ಟೆಯ ಮೇಲಿಂದಲೇ ಬೆರಳಿಗೆ ತಾಗುತ್ತಿತ್ತು. ಎಣಿಸಲು ಆಗದಷ್ಟು ಬೇಗ. ಅಮ್ಮ ಚಮಚದಲ್ಲಿ ನೀರು ತಂದರು. ಬೇಡಮ್ಮ ಅಂದೆ. ಇದನ್ನು ಎಲ್ಲರೂ ದಯವಿಟ್ಟು ನೆನಪಿಡಿ. ಪ್ರಜ್ಞೆ ಸರಿಯಾಗಿ ಇಲ್ಲದ ಹಕ್ಕಿಯ ಬಾಯಿಗೆ ನೀರು ಬಿಟ್ಟರೆ ಅದು ಉಸಿರಿನ ಕೊಳವೆಗೆ ಹೋಗಿ, ಬದುಕುವ ಹಕ್ಕಿಯೂ ಸಾಯಬಹುದು. ಅದಕ್ಕೆ ಬೇಕಾಗಿರುವುದು ಕತ್ತಲು ಮತ್ತು ನಿಶ್ಶಬ್ದ. ಡಬ್ಬವನ್ನು ಸ್ಟೋರ್ ರೂಮಿನಲ್ಲಿಟ್ಟು ಬಾಗಿಲು ಹಾಕಿದೆ. ಮಗಳಿಗೆ ಐದೈದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ಆಸೆ. ಅವಳನ್ನು ತಡೆಯುವುದೇ ದೊಡ್ಡ ಕೆಲಸವಾಯಿತು. ರಕ್ತ ಬರುತ್ತಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ ಅಥವಾ ಒಂದೆರಡು ಗಂಟೆಯಾದರೂ ಚೇತರಿಸಿಕೊಳ್ಳದಿದ್ದರೆ ತಡ ಮಾಡದೆ ಅರಣ್ಯ ಇಲಾಖೆಗೋ, ವನ್ಯಜೀವಿಗಳಿಗೆ ಚಿಕಿತ್ಸೆ ಕೊಡುವವರಿಗೋ ತಿಳಿಸಬೇಕು. ಬೆಂಗಳೂರಿನವರಾದರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ.

ಒಂದೂವರೆ ಗಂಟೆ ಕಳೆದ ಮೇಲೆ ಡಬ್ಬದೊಳಗೆ ಪರಪರ ಸದ್ದು ಕೇಳಿಸಿತು. ಹಿತ್ತಲಿಗೆ ಒಯ್ದು, ಮಾವಿನ ಮರದ ನೆರಳಲ್ಲಿಟ್ಟು ಮುಚ್ಚಳ ತೆಗೆದೆವು. ಕೆಲಹೊತ್ತು ಸುಮ್ನೆ ಕೂತಿತ್ತು. ಆಮೇಲೆ ಡಬ್ಬದ ಅಂಚಿಗೆ ಹಾರಿ, ಅಲ್ಲಿಂದ ನೆಲಕ್ಕೆ ಇಳಿದು, ಕುಪ್ಪಳಿಸುತ್ತಾ ಮರದ ಹಿಂದಿನ ತರಗೆಲೆ ರಾಶಿಗೆ ಹೋಯಿತು.

ಈ ತರಗೆಲೆಯ ಬಗ್ಗೆ ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಹಕ್ಕಿ ಎಲ್ಲಿಂದ ಬಂತು ಅಂತ ಹೇಳಬೇಕು.

ನವರಂಗಗಳು ಮರಿ ಮಾಡುವುದು ಹೆಚ್ಚಾಗಿ ಹಿಮಾಲಯದ ತಪ್ಪಲಿನಲ್ಲಿ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ. ಮಳೆಗಾಲ ಮುಗಿಯುತ್ತಿದ್ದಂತೆ ದಕ್ಷಿಣಕ್ಕೆ ಹೊರಡುತ್ತವೆ. ಚಳಿಗಾಲವನ್ನು ನಮ್ಮ ಪಶ್ಚಿಮ ಘಟ್ಟದಲ್ಲಿ, ತಮಿಳುನಾಡು, ಕೇರಳದಲ್ಲಿ, ಇನ್ನೂ ಕೆಳಗೆ ಶ್ರೀಲಂಕಾದಲ್ಲಿ ಕಳೆಯುತ್ತವೆ. ನಮ್ಮ ಮನೆಗೆ ಬಂದಿದ್ದು ಹಿಮಾಲಯದ ತಪ್ಪಲಿನದೇ ಆಗಿದ್ದರೆ, ಆ ಕೋಳಿಮೊಟ್ಟೆ ಭಾರದ ಜೀವ ಹೆಚ್ಚುಕಡಿಮೆ 2000 ಕಿಲೋಮೀಟರ್ ಹಾರಿ ಬಂದಿದೆ. ಅದೂ ರಾತ್ರಿ ಹೊತ್ತು! ಇಂಥ ಎಷ್ಟೋ ಸಣ್ಣ ಹಕ್ಕಿಗಳು ರಾತ್ರಿಯೇ ಪ್ರಯಾಣ ಮಾಡುತ್ತವೆ. ಆಗ ಗಾಳಿ ತಣ್ಣಗಿರುತ್ತದೆ, ಗಿಡುಗಗಳ ಕಾಟ ಇರುವುದಿಲ್ಲ, ದಾರಿಗೆ ನಕ್ಷತ್ರ ಇರುತ್ತದೆ. ಬೆಳಗಾಗುವ ಹೊತ್ತಿಗೆ ಎಲ್ಲೋ ಒಂದು ಕಡೆ ಇಳಿದು, ತಿಂದು, ದಣಿವಾರಿಸಿಕೊಂಡು ಮುಂದಕ್ಕೆ ಹೋಗುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಊರುಗಳಲ್ಲಿ ಬಾಲ್ಕನಿಯಲ್ಲಿ, ಕಾರ್ ಶೆಡ್ಡಿನಲ್ಲಿ, ಬಾತ್‌ರೂಮಿನಲ್ಲಿ ಕೂಡ ನವರಂಗ ಸಿಗುವುದು ಇದೇ ಕಾರಣಕ್ಕೆ. ದಾರಿಯಲ್ಲಿ ನಮ್ಮ ದೀಪ ಅವುಗಳನ್ನು ಸೆಳೆಯುತ್ತದೆ. ನಮ್ಮ ಗಾಜು ಹೊಡೆಯುತ್ತದೆ.

ನಮ್ಮ ಮನೆಯ ಮೆಟ್ಟಿಲ ಕೋಣೆಗೆ ಎಂಟು ಅಡಿ ಎತ್ತರದ ಗಾಜಿನ ಕಿಟಕಿ ಇದೆ. ಅಲ್ಲಿ ರಾತ್ರಿಯೆಲ್ಲ ಒಂದು ಬಿಳಿ ಎಲ್‌ಇಡಿ ಉರಿಯುತ್ತಿತ್ತು. ಕಳ್ಳರ ಭಯಕ್ಕೆ ಅಂತ ಹಾಕಿದ್ದು, ಹಾಗೇ ಅಭ್ಯಾಸವಾಗಿ ಹೋಗಿತ್ತು. ಅವತ್ತು ಏಣಿ ಹಾಕಿ ನೋಡಿದೆ. ಗಾಜಿನ ಮೇಲೆ ಬೆರಳುಗಾತ್ರದ ಒಂದು ಮಸುಕು ಗುರುತು, ಅದಕ್ಕೆ ಅಂಟಿಕೊಂಡ ಒಂದು ಎಳೆ ಹಸಿರು ಗರಿ. ಆ ಗರಿಯನ್ನು ಮಗಳು ಇನ್ನೂ ಇಟ್ಟುಕೊಂಡಿದ್ದಾಳೆ ಎಂದು ಅನ್ನಿಸಬಹುದು. ಇಲ್ಲ, ಗಾಳಿಗೆ ಬಿಟ್ಟೆವು. ಆ ಗುರುತು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಒಂದು ದೀಪದಿಂದ ಏನಾಗುತ್ತದೆ ಅಂತ ಕೇಳುವವರಿದ್ದಾರೆ. ನ್ಯೂಯಾರ್ಕ್‌ನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 11ರ ರಾತ್ರಿ, 2001ರ ಭಯೋತ್ಪಾದಕ ದಾಳಿಯಲ್ಲಿ ಸತ್ತವರ ನೆನಪಿಗೆ ಆಕಾಶಕ್ಕೆ ಎರಡು ದೊಡ್ಡ ಬೆಳಕಿನ ಕಂಬ ಹಾಯಿಸುತ್ತಾರೆ. ಅದು ಹಕ್ಕಿಗಳು ವಲಸೆ ಹೋಗುವ ಕಾಲವೂ ಹೌದು. ವಿಜ್ಞಾನಿಗಳು ಇಂಥ 7 ರಾತ್ರಿಗಳನ್ನು ರೇಡಾರ್ ಇಟ್ಟು ನೋಡಿದಾಗ ಸುಮಾರು 11 ಲಕ್ಷ ಹಕ್ಕಿಗಳ ಮೇಲೆ ಅದರ ಪರಿಣಾಮ ಆಗಿದೆ ಅಂತ ಲೆಕ್ಕ ಸಿಕ್ಕಿತು. 2017ರಲ್ಲಿ ಅದು ಪ್ರಕಟವಾಯಿತು. ಹಕ್ಕಿಗಳು ಬೆಳಕಿನ ಸುತ್ತ ಸುತ್ತುತ್ತಲೇ ಇದ್ದವು, ಕೂಗುತ್ತಲೇ ಇದ್ದವು. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ದೀಪ ಆರಿಸಿದ ಕೆಲವೇ ನಿಮಿಷಗಳಲ್ಲಿ ಅವು ಚದುರಿ ತಮ್ಮ ದಾರಿ ಹಿಡಿದವು. ಈಗ ಅಲ್ಲಿ ಹಕ್ಕಿಗಳು ಜಾಸ್ತಿ ಸೇರಿದರೆ 20 ನಿಮಿಷ ದೀಪ ಆರಿಸುತ್ತಾರೆ. ಅಷ್ಟು ದೊಡ್ಡ ನೆನಪಿನ ದೀಪವನ್ನೇ ಹಕ್ಕಿಗಾಗಿ ಆರಿಸಬಹುದಾದರೆ, ನಮ್ಮ ಟೆರೇಸಿನ ಫ್ಲಡ್‌ಲೈಟು, ಖಾಲಿ ಮೆಟ್ಟಿಲ ದೀಪ ಯಾವ ಲೆಕ್ಕ, ಅಲ್ವಾ? ದಸರಾ ದೀಪ ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ನೋಡಿಯೇ ಬೆಳೆದವನು ನಾನು. ಯಾರೂ ನೋಡದ ಹೊತ್ತಿನಲ್ಲಿ, ಯಾರಿಗೂ ಬೇಡದ ಕಡೆ ಉರಿಯುವ ದೀಪದ ಬಗ್ಗೆ ಹೇಳುತ್ತಿದ್ದೇನೆ.

ಈಗ ತರಗೆಲೆ.

ಅಮ್ಮನಿಗೆ ಎರಡು ವರ್ಷದಿಂದ ಮಂಡಿ ನೋವು. ಹಾಗಾಗಿ ಮಾವಿನ ಮರದ ಹಿಂದೆ, ಕಾಂಪೌಂಡ್ ಮೂಲೆಯಲ್ಲಿ ಗುಡಿಸುವುದು ನಿಂತಿತ್ತು. ಮಾವು, ಸೀಬೆ, ನೇರಳೆ ಎಲೆ ಬಿದ್ದು ಬಿದ್ದು ಅಲ್ಲೇ ಕೊಳೆತು ಒಂದು ಗೇಣು ದಪ್ಪ ಆಗಿತ್ತು. ಹಬ್ಬದೊಳಗೆ ಅದನ್ನೆಲ್ಲ ಎತ್ತಿಸಿ ಆ ಜಾಗಕ್ಕೂ ಸಿಮೆಂಟ್ ಹಾಕಿಸುವ ಯೋಚನೆ ನನ್ನದು. ಮೇಸ್ತ್ರಿಗೆ ಫೋನ್ ಕೂಡ ಮಾಡಿಯಾಗಿತ್ತು.

ನವರಂಗ ಅಲ್ಲಿ ಒಂಬತ್ತು ದಿನ ಇತ್ತು. ಅಡುಗೆಮನೆ ಕಿಟಕಿಯಿಂದ ನಾವು ಮೂರೂ ಜನ ಅದನ್ನು ನೋಡಿದೆವು. ಅದರ ಕೆಲಸ ನೋಡುವುದೇ ಚೆಂದ. ನಾಲ್ಕು ಹೆಜ್ಜೆ ಕುಪ್ಪಳಿಸಿ ನಿಲ್ಲುತ್ತದೆ. ಗಿಡ್ಡ ಬಾಲವನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸುತ್ತದೆ. ತಲೆ ಓರೆ ಮಾಡಿ ನೋಡುತ್ತದೆ. ಆಮೇಲೆ ಕೊಕ್ಕಿನಿಂದ ಒಂದು ಎಲೆ ಹಿಡಿದು ಪಕ್ಕಕ್ಕೆ ಎಸೆಯುತ್ತದೆ, ಇಸ್ಪೀಟ್ ಎಲೆ ಎಸೆದ ಹಾಗೆ. ಕೆಳಗೆ ಎರೆಹುಳು ಇದ್ದರೆ ಎಳೆಯುತ್ತದೆ. ಒಮ್ಮೆ ಹುಳ ಎಳೆದಷ್ಟೂ ಬರುತ್ತಿತ್ತು. ಹಕ್ಕಿ ಹಿಂದಕ್ಕೆ ಬಾಗಿ, ಕಾಲು ಊರಿ, ಇಡೀ ಮೈ ಹಾಕಿ ಎಳೆಯಿತು. ಕೊನೆಗೆ ಹುಳ ಪೂರಾ ಆಚೆ ಬಂದಾಗ ಮಗಳು ಚಪ್ಪಾಳೆ ತಟ್ಟಿದಳು. ಗೆದ್ದಲು, ಜೇಡ, ಸಣ್ಣ ಬಸವನಹುಳು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನಕ್ಕೆ ಅಲ್ಲಿ ಎಷ್ಟು ಊಟ ಮಾಡಿತು ಅಂತ ಲೆಕ್ಕ ಇಡಲು ಹೋಗಿ ಮಗಳು ನಲವತ್ತಕ್ಕೆ ನಿಲ್ಲಿಸಿದಳು. ಅದು ಬರುವುದಕ್ಕೆ ಮುಂಚೆ ಆ ಮೂಲೆಯಲ್ಲಿ ಇಷ್ಟು ಜೀವ ಇದೆ ಅಂತ ನಮಗೇ ಗೊತ್ತಿರಲಿಲ್ಲ. ಸಿಮೆಂಟ್ ನೆಲದ ಕಡೆಗೆ ಅದು ಒಂದು ಸಲವೂ ಬರಲಿಲ್ಲ.

ಬೆಳಗಿನ ಜಾವ, ಸಂಜೆ ಕತ್ತಲಾಗುವಾಗ ಕೂಗುತ್ತಿತ್ತು. ಎರಡೇ ಸ್ವರದ ಸಿಳ್ಳೆ. ಮೊದಲನೆಯದು ಮೇಲೇರುತ್ತದೆ, ಎರಡನೆಯದು ಇಳಿಯುತ್ತದೆ. ತಮಿಳಿನಲ್ಲಿ ಇದಕ್ಕೆ ಆರುಮಣಿ ಕುರುವಿ ಅನ್ನುತ್ತಾರೆ, ಆರು ಗಂಟೆಯ ಹಕ್ಕಿ ಅಂತ. ಶ್ರೀಲಂಕಾದಲ್ಲಿ ಇದರ ಕೂಗಿಗೆ ಒಂದು ಕಥೆಯೇ ಇದೆ. ಇದರ ಚೆಂದದ ಉಡುಪನ್ನು ನವಿಲು ಕದ್ದುಕೊಂಡು ಹೋಯಿತಂತೆ, ಅದನ್ನು ಕೇಳುತ್ತಾ ಇವತ್ತಿಗೂ ಕೂಗುತ್ತದಂತೆ. ಇಷ್ಟು ಬಣ್ಣ ಇಟ್ಟುಕೊಂಡ ಹಕ್ಕಿ ಇನ್ನೆಂಥ ಉಡುಪು ಕಳೆದುಕೊಂಡಿರಬೇಕು ಅಂತ ಅಮ್ಮ ಕೇಳಿದರು.

ಸುದ್ದಿ ಬೀದಿಗೆಲ್ಲ ಹರಡಿತು. "ಲಕ್ಷ್ಮಿ ಬಂದ ಹಾಗೆ" ಅಂದರು ಕೆಲವರು. ಹತ್ತಿರದ ನೆಂಟರೊಬ್ಬರು "ಬಿಡಬಾರದಿತ್ತು, ಪಂಜರದಲ್ಲಿ ಇಟ್ಟು ಸಾಕಬಹುದಿತ್ತು" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಮ್ಮ ಕಾಡುಹಕ್ಕಿಗಳನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಆಚೆಗಿರಲಿ. ಹುಳಹುಪ್ಪಟೆ ಹೆಕ್ಕಿ ತಿನ್ನುವ, ಸಾವಿರಾರು ಕಿಲೋಮೀಟರ್ ಹಾರುವ ಜೀವವನ್ನು ಒಂದು ಅಡಿ ಪಂಜರದಲ್ಲಿ ಕೂರಿಸಲು ಮನಸ್ಸಾದರೂ ಹೇಗೆ ಬರುತ್ತದೆ? ಫೋಟೋಗೆ ಬಂದವರಿಗೆ ಅಡುಗೆಮನೆ ಕಿಟಕಿಯಿಂದ ಮಾತ್ರ ಅವಕಾಶ ಕೊಟ್ಟೆವು. ಒಬ್ಬ ಹುಡುಗ ಮೊಬೈಲಿನಲ್ಲಿ ಅದರ ಕೂಗು ಹಾಕಿ ಹತ್ತಿರ ಕರೆಯಲು ನೋಡಿದ. ಅದೂ ಬೇಡ ಅಂದೆ. ಇನ್ನೊಂದು ಹಕ್ಕಿ ಬಂದಿದೆ ಅಂತ ತಿಳಿದು ಅದು ಹೆದರುತ್ತದೆ, ಇಲ್ಲವೇ ಜಗಳಕ್ಕೆ ಬರುತ್ತದೆ. ದಣಿದು ಬಂದ ಹಕ್ಕಿಗೆ ಆ ಓಡಾಟ ದುಬಾರಿ. ನಮಗೆ ಜಾಸ್ತಿ ಭಯ ಇದ್ದಿದ್ದು ಪಕ್ಕದ ಬೀದಿಯ ಬೆಕ್ಕಿನದು. ನೆಲದ ಮೇಲೆ ಮೇಯುವ ಹಕ್ಕಿ ಬೆಕ್ಕಿಗೆ ಸುಲಭದ ತುತ್ತು. ಆ ಒಂಬತ್ತೂ ದಿನ ಅಮ್ಮ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡೇ ತರಕಾರಿ ಹೆಚ್ಚಿದರು.

ಎಲೆ ಬಿಟ್ಟರೆ ಹಾವು ಬರುತ್ತದೆ ಅಂತ ಹೆದರಿಸುವವರು ತುಂಬಾ ಜನ. ಭಯ ಸುಳ್ಳಲ್ಲ, ಮಕ್ಕಳು ಓಡಾಡುವ ಮನೆ. ಆದರೆ ಹಾವನ್ನು ಮನೆ ಹತ್ತಿರ ಕರೆಯುವುದು ಇಲಿ. ಇಲಿಯನ್ನು ಕರೆಯುವುದು ಮುಸುರೆ, ಚೆಲ್ಲಿದ ಕಾಳು, ಪೇರಿಸಿಟ್ಟ ಹಳೇ ಹಲಗೆ, ಇಟ್ಟಿಗೆ. ಮೊದಲು ಅವನ್ನು ತೆಗೆಸಿ. ಎಲೆಯ ರಾಶಿ ಬಾಗಿಲಿನಿಂದ, ಓಡಾಡುವ ದಾರಿಯಿಂದ ದೂರದ ಒಂದು ಮೂಲೆಯಲ್ಲಿರಲಿ. ಅದರೊಳಗೆ ಬರಿಗೈ ಹಾಕಬೇಡಿ. ಸೊಳ್ಳೆಯ ಮಾತೂ ಬರುತ್ತದೆ. ಸೊಳ್ಳೆ ಮರಿ ಮಾಡುವುದು ನಿಂತ ನೀರಿನಲ್ಲಿ. ಎಲೆಯ ನಡುವೆ ಬಿದ್ದ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಅಡಿಕೆ ಹಾಳೆಯಲ್ಲಿ ನೀರು ನಿಲ್ಲುತ್ತದೆ. ವಾರಕ್ಕೊಮ್ಮೆ ಅವನ್ನು ಹೆಕ್ಕಿದರೆ ಸಾಕು, ಎಲೆ ಅಲ್ಲೇ ಇರಲಿ.

ನನಗೆ ಸಿಟ್ಟು ಬರುವುದು ಇಲ್ಲೇ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಎದ್ದರೆ ಎಲೆ ಗುಡಿಸಿ ಬೆಂಕಿ ಹಾಕಿದ ಹೊಗೆ. ಮರದ ಬುಡದವರೆಗೆ ಟೈಲ್ಸ್. ಮನೆಗಳ ಮುಂದೆ ಒಂದಡಿ ಮಣ್ಣಿಲ್ಲ. ಇದಕ್ಕೆ ನಾವು ಶುಚಿ ಅಂತ ಹೆಸರಿಟ್ಟಿದ್ದೇವೆ. ಆಮೇಲೆ ಅದೇ ಜನ "ಮೊದಲೆಲ್ಲ ಎಷ್ಟು ಹಕ್ಕಿ ಬರುತ್ತಿದ್ದವು, ಈಗ ಒಂದೂ ಇಲ್ಲ" ಅನ್ನುತ್ತೇವೆ. ಬಂದರೆ ಎಲ್ಲಿ ಇಳಿಯಬೇಕು? ಏನು ತಿನ್ನಬೇಕು? ನೀರಿನ ಬಟ್ಟಲು, ಕಾಳಿನ ತಟ್ಟೆ ಇಡುವುದು ಒಳ್ಳೆಯದೇ. ಆದರೆ ನವರಂಗ ಕಾಳು ತಿನ್ನುವುದಿಲ್ಲ. ಮಡಿವಾಳ ಹಕ್ಕಿ, ಹರಟೆಮಲ್ಲಗಳಿಗೂ ಮುಖ್ಯವಾಗಿ ಹುಳಹುಪ್ಪಟೆ ಬೇಕು. ಅದು ಇರುವುದು ನಾವು ಸುಡುವ ಎಲೆಯ ಕೆಳಗೆ. ನಿಮ್ಮ ಮನೆಯಲ್ಲಿ ನಾಲ್ಕು ಅಡಿ ಮಣ್ಣಿದ್ದರೂ ಸಾಕು, ಒಂದು ಮೂಲೆ ಬಿಡಿ ಅಂತ ಕೈಮುಗಿದು ಕೇಳುತ್ತೇನೆ.

ಕಿಟಕಿಗೆ ಮಾಡಿದ್ದನ್ನೂ ಹೇಳಿಬಿಡುತ್ತೇನೆ, ತುಂಬಾ ಜನ ಕೇಳಿದ್ದರು. ಗಿಡುಗದ ಒಂದು ಸ್ಟಿಕ್ಕರ್ ಅಂಟಿಸಿದರೆ ಪ್ರಯೋಜನ ಇಲ್ಲ, ಹಕ್ಕಿ ಅದರ ಪಕ್ಕದ ಗಾಜಿಗೆ ಹೊಡೆದುಕೊಳ್ಳುತ್ತದೆ. ಗಾಜಿನ ಹೊರಗಡೆಗೆ, ಎರಡು ಇಂಚಿಗೊಂದರಂತೆ ಚುಕ್ಕಿ ಇಡಬೇಕು. ಮಗಳು ಬಿಳಿ ಪೇಂಟಿನಲ್ಲಿ ಇಟ್ಟಳು. ದೂರದಿಂದ ನೋಡಿದರೆ ರಂಗೋಲಿ ಚುಕ್ಕಿ ಇಟ್ಟ ಹಾಗಿದೆ. ಹೊರಗಡೆಯಿಂದ ಸೊಳ್ಳೆ ಪರದೆ ಹೊಡೆಸಿದರೂ ಆಗುತ್ತದೆ.

ಹತ್ತನೇ ದಿನ ಬೆಳಿಗ್ಗೆ ಕೂಗು ಕೇಳಲಿಲ್ಲ. ಸಂಜೆ ಆರಕ್ಕೆ ಮೂರೂ ಜನ ಕಿಟಕಿ ಹತ್ತಿರ ನಿಂತಿದ್ದೆವು. ಆಗಲೂ ಇಲ್ಲ. ಮೂಲೆಯಲ್ಲಿ ಎಲೆಗಳು ಮಗುಚಿಬಿದ್ದಿದ್ದವು, ಅಲ್ಲಲ್ಲಿ ಕೆದಕಿದ ಕಪ್ಪು ಮಣ್ಣು ಕಾಣುತ್ತಿತ್ತು. ಮೇಸ್ತ್ರಿಗೆ ಫೋನ್ ಮಾಡಿ ಸಿಮೆಂಟ್ ಬೇಡ ಅಂದೆ.

ಈಗ ಮತ್ತೆ ಸೆಪ್ಟೆಂಬರ್ ಕೊನೆ. ಮೆಟ್ಟಿಲ ದೀಪ ರಾತ್ರಿ ಹತ್ತಕ್ಕೆ ಆರುತ್ತದೆ. ನಿನ್ನೆಯಿಂದ ಹಬ್ಬದ ಕೆಲಸ ಶುರುವಾಗಿದೆ. ಈ ಸಲ ಹಿತ್ತಲು ಗುಡಿಸಲು ಬಂದ ಹೆಂಗಸಿಗೆ ಅಮ್ಮ ಮಾವಿನ ಮರದ ಕಡೆ ಕೈ ತೋರಿಸಿ, "ಅಲ್ಲಿಗೆ ಪೊರಕೆ ತಗೊಂಡು ಹೋಗಬೇಡ ಕಣಮ್ಮ, ಅದು ಹಕ್ಕಿ ಜಾಗ" ಅಂದರು.